ಯಾವ ದೇಶದಲ್ಲಿ ಎಷ್ಟು ಸಂಬಳ ಬಂದರೆ ಅದನ್ನು ಹೆಚ್ಚು ಎನ್ನಬಹುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ತಂತ್ರಾಂಶ ಕ್ಷೇತ್ರದಲ್ಲಿ ಹತ್ತು ವರ್ಷಕ್ಕೂ ಮೀರಿದ ಅನುಭವವಿರುವ ನನಗೆ ಈಗ ಮೂರು ಕಡೆಯಿಂದ ಕೆಲಸದ ಕರೆ ಬಂದಿದೆ. ಜ್ಯೂರಿಕ್‌ನವರು ವರ್ಷಕ್ಕೆ 1,20,000 ಸ್ವಿಸ್ ಫ್ರಾಂಕ್, ಬರ್ಲಿನ್‌ನವರು ವರ್ಷಕ್ಕೆ 78,000 ಯೂರೊ, ದುಬೈನವರು ತಿಂಗಳಿಗೆ 30,000 ದಿರ್ಹಂ ಕೊಡುವುದಾಗಿ ಹೇಳಿದ್ದಾರೆ. ಮೂರನ್ನೂ ಡಾಲರಿಗೆ ಪರಿವರ್ತಿಸಿದರೆ ಜ್ಯೂರಿಕ್ ಬಹಳ ಮುಂದಿದೆ, ದುಬೈ ಎರಡನೆಯದು, ಬರ್ಲಿನ್ ಕೊನೆಯದು. ಆದರೆ ಪರಿಚಯದವರನ್ನು ವಿಚಾರಿಸಿದಾಗ ಒಬ್ಬರು ಬರ್ಲಿನ್ನಿನದು ಒಳ್ಳೆಯ ಸಂಬಳ ಎಂದರೆ, ಇನ್ನೊಬ್ಬರು ಜ್ಯೂರಿಕ್‌ನಲ್ಲಿ ಆ ಮೊತ್ತಕ್ಕೆ ನಾಲ್ವರ ಸಂಸಾರ ನಡೆಸುವುದು ಬಿಗಿಯಾಗುತ್ತದೆ ಎನ್ನುತ್ತಾರೆ.

ನಮಗೆ ಇಬ್ಬರು ಮಕ್ಕಳು. ದೊಡ್ಡವಳು ಪ್ರಾಥಮಿಕ ಶಾಲೆಯಲ್ಲಿದ್ದಾಳೆ, ಚಿಕ್ಕವನಿಗೆ ಮೂರು ವರ್ಷ. ನನ್ನ ಪತ್ನಿ ಮೊದಲ ಒಂದೆರಡು ವರ್ಷ ಕೆಲಸಕ್ಕೆ ಹೋಗುವುದು ಅನುಮಾನ. ಹೀಗಿರುವಾಗ ಒಂದು ಜಾಗದಲ್ಲಿ ಒಂದು ಸಂಬಳ ನಿಜಕ್ಕೂ ಹೆಚ್ಚೋ ಅಲ್ಲವೋ ಎಂಬುದನ್ನು ಅಳೆಯಲು ನಂಬಬಹುದಾದ ಕ್ರಮ ಏನಾದರೂ ಇದೆಯೇ? ಈ ವಿಚಾರದಲ್ಲಿ ತಿಳಿವಳಿಕೆ ಇರುವವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ಡಾಲರಿನ ಲೆಕ್ಕವನ್ನು ಸದ್ಯಕ್ಕೆ ಬದಿಗಿಡಿ. ಆಯಾ ದೇಶದಲ್ಲಿ ದುಡಿಯುವವರ ನಡುವೆ ನಿಮ್ಮ ಸಂಬಳ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ನೋಡಬೇಕು. ಅದಕ್ಕೆ ಬೇಕಾದದ್ದು ಸರಾಸರಿಯಲ್ಲ, ಮಧ್ಯಾಂಕ; ಅಂದರೆ ಅರ್ಧದಷ್ಟು ನೌಕರರು ಯಾವ ಮೊತ್ತಕ್ಕಿಂತ ಹೆಚ್ಚು, ಇನ್ನರ್ಧ ನೌಕರರು ಯಾವ ಮೊತ್ತಕ್ಕಿಂತ ಕಡಿಮೆ ಪಡೆಯುತ್ತಾರೋ ಆ ಮೊತ್ತ. ಸರಾಸರಿಯನ್ನು ಮೇಲಿನ ಕೆಲವೇ ಭಾರಿ ಸಂಬಳಗಳು ಎತ್ತಿಬಿಡುತ್ತವೆ; ಮಧ್ಯಾಂಕ ಅಷ್ಟು ಸುಲಭವಾಗಿ ಅಲುಗುವುದಿಲ್ಲ. ಮುಂದುವರಿದ ದೇಶಗಳ ಒಕ್ಕೂಟವಾದ ಒಇಸಿಡಿಯ ಅಂಕಿಅಂಶಗಳಲ್ಲಿ ಮಧ್ಯಾಂಕದ ಮೂರನೇ ಎರಡು ಭಾಗಕ್ಕಿಂತ ಕೆಳಗಿನದನ್ನು ಕಡಿಮೆ ವೇತನವೆಂದೂ, ಒಂದೂವರೆ ಪಟ್ಟಿಗಿಂತ ಮೇಲಿನದನ್ನು ಹೆಚ್ಚಿನ ವೇತನವೆಂದೂ ಎಣಿಸುತ್ತಾರೆ. ನಿಮ್ಮ ಪ್ರಶ್ನೆಗೆ ಇರುವ ಅತ್ಯಂತ ನೇರವಾದ ಅಳತೆಗೋಲು ಇದೇ ಎಂದು ನನ್ನ ಅಭಿಪ್ರಾಯ.

ಇದನ್ನು ನಿಮ್ಮ ಅಂಕಿಗಳಿಗೆ ಹಚ್ಚಿ ನೋಡೋಣ. ಜರ್ಮನಿಯಲ್ಲಿ 2024ರಲ್ಲಿ ಪೂರ್ಣಾವಧಿ ನೌಕರರ ವಾರ್ಷಿಕ ವೇತನದ ಮಧ್ಯಾಂಕ ಕಡಿತಗಳಿಗೆ ಮೊದಲು ಸುಮಾರು 52 ಸಾವಿರ ಯೂರೊ ಇತ್ತು. 78,000 ಎಂದರೆ ಅದರ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಸ್ವಿಟ್ಜರ್ಲೆಂಡಿನಲ್ಲಿ 2022ರಲ್ಲಿ ಮಾಸಿಕ ಮಧ್ಯಾಂಕ 6,788 ಫ್ರಾಂಕ್, ವರ್ಷಕ್ಕೆ 81 ಸಾವಿರಕ್ಕಿಂತ ತುಸು ಹೆಚ್ಚು. ನಿಮಗೆ ಬಂದಿರುವ 1,20,000 ಅದರ ಒಂದೂವರೆ ಪಟ್ಟಿಗೆ ಸ್ವಲ್ಪ ಕಡಿಮೆ. ವರ್ಷಗಳು ಬೇರೆಯಾದ್ದರಿಂದ ಈ ಹೋಲಿಕೆ ಪೂರ್ತಿ ಕರಾರುವಾಕ್ಕಲ್ಲ. ಆದರೂ ಡಾಲರಿನಲ್ಲಿ ಅಷ್ಟು ದೂರ ದೂರ ಕಾಣುವ ಎರಡು ಸಂಬಳಗಳು ತಂತಮ್ಮ ದೇಶದಲ್ಲಿ ಹೆಚ್ಚುಕಡಿಮೆ ಒಂದೇ ಮೆಟ್ಟಿಲ ಮೇಲಿವೆ ಎಂಬುದನ್ನು ಗಮನಿಸಿ. ಎರಡೂ ಕಡೆ ನೀವು ಚೆನ್ನಾಗಿ ಸಂಪಾದಿಸುವವರ ಸಾಲಿಗೆ ಸೇರುತ್ತೀರಿ; ಎರಡೂ ಕಡೆ ಶ್ರೀಮಂತರೆನಿಸಿಕೊಳ್ಳುವುದಿಲ್ಲ.

ದುಬೈಗೆ ಈ ಅಳತೆ ಹೊಂದುವುದಿಲ್ಲ. ಅಲ್ಲಿನ ನಿವಾಸಿಗಳಲ್ಲಿ ಬಹುಪಾಲು ಜನ ಹೊರದೇಶದವರು. ಕಟ್ಟಡ ಕಾರ್ಮಿಕರಿಂದ ಹಿಡಿದು ಬ್ಯಾಂಕಿನ ಹಿರಿಯ ಅಧಿಕಾರಿಗಳವರೆಗೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನಡುವಿನವನನ್ನು ಹುಡುಕಿದರೆ ನಿಮ್ಮಂಥವರಿಗೆ ಅದರಿಂದ ತಿಳಿಯುವುದು ಏನೂ ಇಲ್ಲ. ಅಲ್ಲಿ ನಿಮ್ಮದೇ ಹುದ್ದೆಯವರ ಸಂಬಳದೊಂದಿಗೆ ಹೋಲಿಸುವುದೇ ಸರಿ.

ಎರಡನೆಯ ಉತ್ತರ

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ವಿನಿಮಯ ದರವನ್ನು ಪೂರ್ತಿ ಬದಿಗಿಡುವುದನ್ನು ಒಪ್ಪಲಾರೆ. ಅದು ಎಲ್ಲಿ ದಾರಿ ತಪ್ಪಿಸುತ್ತದೆ, ಎಲ್ಲಿ ನಿಜ ಹೇಳುತ್ತದೆ ಎಂಬುದನ್ನು ಬೇರ್ಪಡಿಸಿಕೊಂಡರೆ ಸಾಕು.

ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುಸ್ತಾವ್ ಕಾಸೆಲ್ ಮೊದಲ ಮಹಾಯುದ್ಧದ ಕಾಲದಲ್ಲಿ ಕೊಳ್ಳುವ ಶಕ್ತಿಯ ಸಾಮ್ಯದ ವಿಚಾರವನ್ನು ಮುಂದಿಟ್ಟರು. ಇಂದು ಎಲ್ಲರೂ ಪಿಪಿಪಿ ಎನ್ನುವುದು ಅದನ್ನೇ. ಒಂದೇ ಬಗೆಯ ಸರಕು ಮತ್ತು ಸೇವೆಗಳ ಬುಟ್ಟಿಯನ್ನು ಎರಡು ದೇಶಗಳಲ್ಲಿ ಕೊಳ್ಳಲು ಎಷ್ಟೆಷ್ಟು ಹಣ ಬೇಕು ಎಂಬುದರಿಂದ ಎರಡು ನಾಣ್ಯಗಳನ್ನು ತೂಗುವ ಕ್ರಮ ಇದು. ಮಾರುಕಟ್ಟೆಯ ದರಕ್ಕೂ ಈ ದರಕ್ಕೂ ಏಕೆ ಅಂತರ ಬೀಳುತ್ತದೆ ಎಂಬುದಕ್ಕೆ 1964ರಲ್ಲಿ ಬೇಲಾ ಬಲಾಸಾ ಮತ್ತು ಪಾಲ್ ಸ್ಯಾಮ್ಯುಯೆಲ್ಸನ್ ಬೇರೆ ಬೇರೆಯಾಗಿ ಕೊಟ್ಟ ವಿವರಣೆ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಕ್ಷೌರಿಕನ ಉದಾಹರಣೆ ತೆಗೆದುಕೊಳ್ಳಿ. ಜ್ಯೂರಿಕ್‌ನ ಕ್ಷೌರಿಕ ಬಡ ದೇಶದ ಕ್ಷೌರಿಕನಿಗಿಂತ ಗಂಟೆಗೆ ಹೆಚ್ಚು ತಲೆಗಳಿಗೆ ಕತ್ತರಿ ಹಾಕುವುದಿಲ್ಲ. ಆದರೆ ಅದೇ ದೇಶದ ಔಷಧ ಕಾರ್ಖಾನೆ, ಯಂತ್ರ ಕಾರ್ಖಾನೆಗಳು ಹೆಚ್ಚು ಉತ್ಪಾದನೆ ಮಾಡಿ ಹೆಚ್ಚು ವೇತನ ಕೊಡುತ್ತವೆ. ಕ್ಷೌರಿಕನಿಗೂ ಅದಕ್ಕೆ ಸರಿದೂಗುವ ಸಂಪಾದನೆ ಇಲ್ಲದಿದ್ದರೆ ಆ ಕಸುಬಿಗೆ ಯಾರೂ ಉಳಿಯುವುದಿಲ್ಲ. ಹಾಗಾಗಿ ಮನುಷ್ಯರ ಕೈಕೆಲಸದಿಂದಲೇ ನಡೆಯುವ ಎಲ್ಲವೂ, ಅಂದರೆ ಕ್ಷೌರ, ಮಕ್ಕಳ ಪಾಲನೆ, ನಲ್ಲಿ ರಿಪೇರಿ, ಹೋಟೆಲಿನ ಊಟ, ಹೆಚ್ಚು ಸಂಬಳದ ಊರಿನಲ್ಲಿ ದುಬಾರಿಯಾಗುತ್ತವೆ. ಲ್ಯಾಪ್‌ಟಾಪ್, ಫೋನ್, ವಿಮಾನದ ಟಿಕೆಟ್‌ಗಳ ಬೆಲೆಯಲ್ಲಿ ಅಷ್ಟು ಅಂತರ ಇರುವುದಿಲ್ಲ.

ಆದ್ದರಿಂದ ನಿಮ್ಮ ಸಂಬಳವನ್ನು ಮೂರು ಭಾಗ ಮಾಡಿಕೊಳ್ಳಿ. ಅಲ್ಲೇ, ಅಲ್ಲಿನ ಜನರ ದುಡಿಮೆಗೆ ಖರ್ಚಾಗುವ ಭಾಗಕ್ಕೆ ಪಿಪಿಪಿ ಲೆಕ್ಕ ಸರಿ. ಎಲ್ಲ ಕಡೆ ಸುಮಾರು ಒಂದೇ ಬೆಲೆಯಿರುವ ವಸ್ತುಗಳಿಗೆ ಹೋಗುವ ಭಾಗಕ್ಕೂ, ಉಳಿಸಿ ಬೇರೆ ದೇಶಕ್ಕೆ ಕಳಿಸುವ ಭಾಗಕ್ಕೂ ವಿನಿಮಯ ದರವೇ ಸರಿ. ಸ್ವಿಟ್ಜರ್ಲೆಂಡಿನ ಬೆಲೆಗಳು ಐರೋಪ್ಯ ಒಕ್ಕೂಟದ ಸರಾಸರಿಯ ಒಂದೂವರೆ ಪಟ್ಟಿಗೂ ಹೆಚ್ಚು ಎಂಬುದು ನಿಜ. ಆದರೂ ಅಲ್ಲಿ ಸಂಬಳದ ಹತ್ತನೇ ಒಂದು ಭಾಗ ಉಳಿಸಿದವರ ಕೈಯಲ್ಲಿರುವುದು ಬರ್ಲಿನ್ನಿನಲ್ಲಿ ಅದೇ ಪ್ರಮಾಣದಲ್ಲಿ ಉಳಿಸಿದವರದಕ್ಕಿಂತ ಬಹಳ ದೊಡ್ಡ ಮೊತ್ತ. ಕೆಲವು ವರ್ಷ ದುಡಿದು ಹೊರಡುವವರಿಗೆ ಜ್ಯೂರಿಕ್ ಹೆಚ್ಚಾಗಿ ಕಾಣುವುದೂ, ಅಲ್ಲೇ ನೆಲೆಸುವವರಿಗೆ ಅಷ್ಟಾಗಿ ಕಾಣದಿರುವುದೂ ಇದೇ ಕಾರಣಕ್ಕೆ.

ಮೂರನೆಯ ಉತ್ತರ

ದೇಶದ ಮಧ್ಯಾಂಕ ಹಿಡಿದು ನಗರದ ಸಂಬಳವನ್ನು ಅಳೆಯುವುದರಲ್ಲಿ ಒಂದು ದೊಡ್ಡ ಅಪಾಯವಿದೆ. ಅಮೆರಿಕದ ವಸತಿ ಇಲಾಖೆಯು 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವರ್ಷಕ್ಕೆ 1,17,400 ಡಾಲರ್ ಆದಾಯವಿರುವ ನಾಲ್ವರ ಕುಟುಂಬವನ್ನೂ ಕಡಿಮೆ ಆದಾಯದ ಕುಟುಂಬಗಳ ಪಟ್ಟಿಗೆ ಸೇರಿಸಿತ್ತು. ಅದೇ ವರ್ಷ, ಅದೇ ಸರ್ಕಾರದ ಬಡತನದ ರೇಖೆ ನಾಲ್ವರ ಕುಟುಂಬಕ್ಕೆ 25,100 ಡಾಲರ್ ಆಗಿತ್ತು, ಅಲಾಸ್ಕಾ ಮತ್ತು ಹವಾಯಿ ಬಿಟ್ಟು ಉಳಿದ ರಾಜ್ಯಗಳಿಗೆಲ್ಲ ಒಂದೇ. ಎರಡೂ ಅಂಕಿಗಳು ಸುಳ್ಳಲ್ಲ. ಮೊದಲನೆಯದು ಆ ಪ್ರದೇಶದ ಆದಾಯ ಮತ್ತು ಬಾಡಿಗೆಗಳನ್ನು ನೋಡಿ ಹಾಕಿದ್ದು, ಎರಡನೆಯದು ಬಾಡಿಗೆಯತ್ತ ಕಣ್ಣೆತ್ತಿಯೂ ನೋಡದ ರಾಷ್ಟ್ರಮಟ್ಟದ ರೇಖೆ. ಒಂದೇ ದೇಶದೊಳಗೆ ಇಷ್ಟು ಅಂತರವಿರುವಾಗ ಇಡೀ ದೇಶಕ್ಕೆ ಒಂದು ಮೊತ್ತ ಹೇಳಿ ಇದು ಹೆಚ್ಚು, ಇದು ಕಡಿಮೆ ಎನ್ನುವುದು ಸಂಸಾರಸ್ಥರಿಗೆ ಉಪಯೋಗಕ್ಕೆ ಬರುವ ಮಾತಲ್ಲ.

ಬಾಡಿಗೆ ವಿಚಾರಿಸುವಾಗಲೂ ಎಚ್ಚರ ಬೇಕು. ನಗರದ ಸರಾಸರಿ ಬಾಡಿಗೆ ಎಂದು ಸಿಗುವ ಅಂಕಿಯಲ್ಲಿ ಹದಿನೈದು ಇಪ್ಪತ್ತು ವರ್ಷಗಳಿಂದ ಅದೇ ಮನೆಯಲ್ಲಿರುವವರ ಹಳೆಯ ಕರಾರುಗಳೂ ಸೇರಿರುತ್ತವೆ. ಬರ್ಲಿನ್ನಿನಲ್ಲಿ ಹಳೆಯ ಬಾಡಿಗೆದಾರರು ಕೊಡುವುದಕ್ಕೂ ಈಗ ಹೊಸದಾಗಿ ಬರುವವರನ್ನು ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಜ್ಯೂರಿಕ್ ನಗರದಲ್ಲಂತೂ 2024ರಲ್ಲಿ ಖಾಲಿಯಿದ್ದ ಮನೆಗಳ ಪ್ರಮಾಣ ಶೇಕಡಾ 0.1ನ್ನೂ ಮುಟ್ಟಿರಲಿಲ್ಲ. ಸಂಬಳ ಎಷ್ಟೇ ಇರಲಿ, ಮನೆ ಸಿಗುವುದೇ ಅಲ್ಲಿ ದೊಡ್ಡ ಪ್ರಶ್ನೆ. ಈಗ ಜಾಹೀರಾತಿನಲ್ಲಿರುವ, ನಾಲ್ವರಿಗೆ ಸಾಕಾಗುವ ಮನೆಗಳ ಬಾಡಿಗೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ನಾಲ್ಕನೆಯ ಉತ್ತರ

ಮೂರು ದೇಶಗಳ ಸಂಬಳದ ಚೀಟಿಯನ್ನೂ ಹತ್ತಿರದಿಂದ ಬಲ್ಲವನಾದ್ದರಿಂದ ಕಡಿತಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಕೈಗೆ ಬರುವ ಮೊತ್ತ ಎಂಬ ಮಾತಿಗೆ ಈ ಮೂರು ಕಡೆಗಳಲ್ಲಿ ಒಂದೇ ಅರ್ಥವಿಲ್ಲ.

ಸ್ವಿಟ್ಜರ್ಲೆಂಡಿನಲ್ಲಿ ಅಲ್ಲಿನ ಪ್ರಜೆಗಳ ಮತ್ತು ಕಾಯಂ ನಿವಾಸದ ಪರವಾನಗಿ ಇರುವವರ ಸಂಬಳದಿಂದ ಆದಾಯ ತೆರಿಗೆಯನ್ನು ತಿಂಗಳು ತಿಂಗಳು ಮುರಿದುಕೊಳ್ಳುವುದಿಲ್ಲ. ಅವರಿಗೆ ತೆರಿಗೆಯ ಬಿಲ್ ಪ್ರತ್ಯೇಕವಾಗಿ ಬರುತ್ತದೆ. ಹೊಸದಾಗಿ ಬಂದ ವಿದೇಶಿಯರಿಗೆ ಮಾತ್ರ ಮೂಲದಲ್ಲೇ ಕಡಿತವಾಗುತ್ತದೆ. ಹಾಗಾಗಿ ಅಲ್ಲಿರುವ ಸ್ನೇಹಿತರು ತಮ್ಮ ಕೈಗೆ ಇಷ್ಟು ಬರುತ್ತದೆ ಎಂದು ಹೇಳಿದರೆ, ಅದು ತೆರಿಗೆಗೆ ಮೊದಲೋ ನಂತರವೋ ಎಂದು ಕೇಳಲೇಬೇಕು. ವರ್ಷದ ಸಂಬಳವನ್ನು ಹದಿಮೂರು ಭಾಗ ಮಾಡಿ ಕೊಡುವ ಪದ್ಧತಿಯೂ ಅಲ್ಲಿ ವ್ಯಾಪಕವಾಗಿದೆ. ನಿಮ್ಮ 1,20,000 ಹಾಗೆ ಹಂಚಿಕೆಯಾದರೆ ತಿಂಗಳ ಮೊತ್ತ ಹತ್ತು ಸಾವಿರವಲ್ಲ, ಸುಮಾರು 9,230 ಫ್ರಾಂಕ್. ಆರೋಗ್ಯ ವಿಮೆ ಕಡ್ಡಾಯ, ಆದರೆ ಅದನ್ನು ಉದ್ಯೋಗದಾತರು ಕಟ್ಟುವುದಿಲ್ಲ. ನಾಲ್ವರಿಗೂ ಬೇರೆ ಬೇರೆ ಪ್ರೀಮಿಯಂ, ಅದೂ ಆದಾಯಕ್ಕೆ ಸಂಬಂಧವಿಲ್ಲದಂತೆ, ನಿಮ್ಮ ಜೇಬಿನಿಂದಲೇ ಹೋಗುತ್ತದೆ.

ಜರ್ಮನಿಯ ಸಂಬಳದ ಚೀಟಿ ನೋಡಿದವರಿಗೆ ಮೊದಲು ಎದೆ ಧಸಕ್ಕೆನ್ನುವುದು ಸಹಜ. ಅಲ್ಲಿ ಶೇಕಡಾ 42ರ ತೆರಿಗೆ ದರ 2024ರಲ್ಲಿ ಸುಮಾರು 66,760 ಯೂರೊ ತೆರಿಗೆಯೋಗ್ಯ ಆದಾಯದಿಂದಲೇ ಶುರುವಾಗುತ್ತಿತ್ತು. ಆದರೆ ಪತಿ ಪತ್ನಿ ಒಟ್ಟಾಗಿ ತೆರಿಗೆ ಸಲ್ಲಿಸಿದರೆ ಇಬ್ಬರ ಆದಾಯವನ್ನು ಕೂಡಿಸಿ ಅರ್ಧರ್ಧ ಹಂಚಿ ಲೆಕ್ಕ ಹಾಕುವುದರಿಂದ, ಒಬ್ಬರೇ ದುಡಿಯುವ ನಿಮ್ಮಂಥ ಮನೆಗೆ ಆ ದರದ ಬಿಸಿ ತಾಗುವುದಿಲ್ಲ. ಸಾರ್ವಜನಿಕ ಆರೋಗ್ಯ ವಿಮೆಯಲ್ಲಿ ನಿಮ್ಮೊಬ್ಬರ ಕಂತಿನಲ್ಲೇ ಕೆಲಸವಿಲ್ಲದ ಸಂಗಾತಿಯೂ ಮಕ್ಕಳೂ ಸೇರುತ್ತಾರೆ, ಕಂತಿನ ಅರ್ಧ ಭಾಗವನ್ನು ಉದ್ಯೋಗದಾತರೇ ಕಟ್ಟುತ್ತಾರೆ. ಬರ್ಲಿನ್ನಿನಲ್ಲಿ 2018ರಿಂದ ಶಿಶುವಿಹಾರಕ್ಕೆ ಪಾಲಕರು ಶುಲ್ಕ ಕೊಡಬೇಕಿಲ್ಲ, ಊಟದ ಅಲ್ಪ ಮೊತ್ತ ಬಿಟ್ಟರೆ. ಜ್ಯೂರಿಕ್‌ನಲ್ಲಿ ಸಹಾಯಧನ ಸಿಗದವರಿಗೆ ಅದೇ ಸೇವೆ ದಿನಕ್ಕೆ ನೂರು ಫ್ರಾಂಕ್ ಮೀರುತ್ತದೆ.

ದುಬೈನಲ್ಲಿ ವೇತನದ ಮೇಲೆ ತೆರಿಗೆಯೇ ಇಲ್ಲ. ಅದರ ಜೊತೆಗೆ ಉಚಿತವಾಗಿ ಸಿಗುವ ಸೌಲಭ್ಯಗಳೂ ಕಡಿಮೆ. ವಿದೇಶಿಯರ ಮಕ್ಕಳು ಸಾಮಾನ್ಯವಾಗಿ ಓದುವುದು ಖಾಸಗಿ ಶಾಲೆಗಳಲ್ಲಿ, ಮತ್ತು ತರಗತಿ ಏರಿದಂತೆ ಶುಲ್ಕವೂ ಏರುತ್ತದೆ. ಮಕ್ಕಳ ಖರ್ಚು ಎಷ್ಟು ಕಾಲ ಇರುತ್ತದೆ ಎಂಬುದನ್ನು ನೀವು ವಿಶೇಷವಾಗಿ ಗಮನಿಸಬೇಕು: ಜ್ಯೂರಿಕ್‌ನಲ್ಲಿ ಮಗುವಿಗೆ ನಾಲ್ಕು ವರ್ಷ ತುಂಬಿದ ಮೇಲೆ ಸರ್ಕಾರಿ ಕಿಂಡರ್‌ಗಾರ್ಟನ್ ಉಚಿತವಾಗಿ ಸಿಗುವುದರಿಂದ ಪೂರ್ತಿ ದಿನದ ಶಿಶುಪಾಲನೆಯ ಭಾರಿ ವೆಚ್ಚ ನಿಮಗೆ ಇರುವುದು ಸ್ವಲ್ಪ ಕಾಲ, ಅದೂ ನಿಮ್ಮ ಪತ್ನಿ ಕೆಲಸಕ್ಕೆ ಹೋದರೆ ಮಾತ್ರ. ದುಬೈನಲ್ಲಿ ಶಾಲೆಯ ವೆಚ್ಚ ಮಕ್ಕಳು ಓದು ಮುಗಿಸುವವರೆಗೂ ಬಿಡುವುದಿಲ್ಲ. ವಿದೇಶಿ ನೌಕರರಿಗೆ ಸರ್ಕಾರಿ ಪಿಂಚಣಿಯೂ ಇಲ್ಲ. ಅದರ ಬದಲು ಗ್ರಾಚ್ಯುಟಿ ಇದೆ, ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನಗಳ, ಆಮೇಲೆ ವರ್ಷಕ್ಕೆ 30 ದಿನಗಳ ವೇತನದಂತೆ. ಇದನ್ನು ಲೆಕ್ಕ ಹಾಕುವುದು ಮೂಲ ವೇತನದ ಮೇಲೆ ಮಾತ್ರ, ಭತ್ಯೆಗಳು ಸೇರುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಷ್ಟು ಶ್ರಮವಹಿಸಿ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಎರಡು ವಿವರಗಳನ್ನು ಮೊದಲೇ ಹೇಳಬೇಕಿತ್ತು. ಹೋದ ಕಡೆ ಐದು ವರ್ಷ ಇದ್ದು ಮರಳುವುದು ನಮ್ಮ ಯೋಚನೆ, ಮತ್ತು ತಂದೆತಾಯಿಗೆ ಪ್ರತಿ ತಿಂಗಳು ಹಣ ಕಳಿಸಬೇಕು. ಕೊನೆಯ ಉತ್ತರ ಓದಿದ ಮೇಲೆ ದುಬೈನ ಆಫರ್ ಲೆಟರ್ ಮತ್ತೆ ತೆಗೆದು ನೋಡಿದೆ. ಮೂವತ್ತು ಸಾವಿರದಲ್ಲಿ ಮೂಲ ವೇತನ 12,000 ದಿರ್ಹಂ ಮಾತ್ರ, ಉಳಿದದ್ದು ವಸತಿ, ಸಾರಿಗೆ ಮತ್ತು ಇತರ ಭತ್ಯೆ. ಇದರಿಂದ ಲೆಕ್ಕ ಎಷ್ಟು ಬದಲಾಗುತ್ತದೆ?

ನಾಲ್ಕನೆಯ ಉತ್ತರ ಬರೆದವರಿಂದ

ಗಣನೀಯವಾಗಿಯೇ ಬದಲಾಗುತ್ತದೆ. 12,000ದ ಮೇಲೆ ಐದು ವರ್ಷಕ್ಕೆ ಬರುವ ಗ್ರಾಚ್ಯುಟಿ 42,000 ದಿರ್ಹಂ. ಮೂಲ ವೇತನ 18,000 ಆಗಿದ್ದರೆ ಅದು 63,000 ಆಗುತ್ತಿತ್ತು. ಒಟ್ಟು ಮೊತ್ತವನ್ನು ಹೆಚ್ಚಿಸಲು ಒಪ್ಪದ ಉದ್ಯೋಗದಾತರು ಈ ಹಂಚಿಕೆಯನ್ನು ಬದಲಿಸಲು ಒಪ್ಪುವ ಸಾಧ್ಯತೆ ಇರುತ್ತದೆ. ಸಹಿ ಹಾಕುವ ಮೊದಲೇ ಕೇಳಿ. ದೊಡ್ಡವಳ ಶಾಲಾ ಶುಲ್ಕವನ್ನು ಅವರು ಭರಿಸುತ್ತಾರೆಯೇ ಎಂಬುದನ್ನೂ ಬರವಣಿಗೆಯಲ್ಲಿ ಪಡೆಯಿರಿ, ಏಕೆಂದರೆ ಐದು ವರ್ಷದ ಶುಲ್ಕದ ಮುಂದೆ ಗ್ರಾಚ್ಯುಟಿಯ ವ್ಯತ್ಯಾಸ ಚಿಕ್ಕದು. ದಿರ್ಹಂ 1997ರಿಂದ ಡಾಲರಿಗೆ 3.6725ರಂತೆ ನಿಗದಿಯಾಗಿರುವುದರಿಂದ, ನೀವು ಮನೆಗೆ ಕಳಿಸುವ ಹಣದ ಬೆಲೆ ಡಾಲರಿನ ಜೊತೆಗೇ ಏರಿಳಿಯುತ್ತದೆ ಎಂಬುದೂ ನೆನಪಿರಲಿ.

ಐದು ವರ್ಷ ಎಂದಿರಿ. ಜರ್ಮನಿಯಲ್ಲಿ ಪಿಂಚಣಿಗೆ 60 ತಿಂಗಳು ಕಂತು ಕಟ್ಟಿದವರಿಗೆ ವೃದ್ಧಾಪ್ಯದಲ್ಲಿ ಅಲ್ಲಿಂದ ಪಿಂಚಣಿ ಪಡೆಯುವ ಹಕ್ಕು ಹುಟ್ಟುತ್ತದೆ. ಬರ್ಲಿನ್ನಿಗೆ ಹೋಗುವುದಾದರೆ ಐವತ್ತೆಂಟನೇ ತಿಂಗಳಲ್ಲಿ ಹೊರಡುವ ಬದಲು ಆ ಅವಧಿ ಮುಗಿಸಿಕೊಂಡೇ ಹೊರಡುವಂತೆ ಯೋಜಿಸಿ. ಮೂರು ಊರುಗಳಿಗೂ ಒಂದೊಂದು ಹಾಳೆಯಲ್ಲಿ ಈಗಿನ ಬಾಡಿಗೆ, ವಿಮೆ, ಮಕ್ಕಳ ಖರ್ಚು, ತೆರಿಗೆ ಮತ್ತು ಮನೆಗೆ ಕಳಿಸುವ ಹಣ ಬರೆದು ಇಲ್ಲಿ ಹಾಕಿದರೆ, ಅಂಕಿಗಳನ್ನು ಒಂದೊಂದಾಗಿ ನೋಡಿ ತಿದ್ದಿ ಕೊಡುತ್ತೇನೆ.