ಅವ್ವನನ್ನ ಎಲ್ಲಿ ಇರಿಸೋದು? ಬಳಗದ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಮೈಸೂರಿನಲ್ಲಿ ಹಿರಿಯರ ಕ್ಲಿನಿಕ್ ನಡೆಸುವ ಡಾಕ್ಟ್ರು ಇವತ್ತು ಸಂಜೆ ನಮ್ಮ ಜೊತೆ ಇದ್ದಾರೆ. ವಯಸ್ಸಾದವರಿಗೆ ಮನೆಯೋ, ಅಟೆಂಡರ್ರೋ, ಆಶ್ರಮವೋ, ಯಾವುದು ಸರಿ ಅಂತ ಕೇಳಬಹುದು. ಫಾರ್ವರ್ಡ್ ಹಾಕಬೇಡಿ.

ಕುವೆಂಪುನಗರದ ಸೊಸೆ: ನಮಸ್ತೆ ಡಾಕ್ಟ್ರೇ. ನಮ್ಮತ್ತೆಗೆ 81. ಓಡಾಡ್ತಾರೆ, ಸ್ನಾನಕ್ಕೆ ಮಾತ್ರ ಒಬ್ಬರು ಬೇಕು. ನಾವಿಬ್ಬರೂ ಕೆಲಸಕ್ಕೆ ಹೋಗೋರು. ಸೀನಿಯರ್ ಲಿವಿಂಗ್ ಫ್ಲ್ಯಾಟ್ ನೋಡೋದಾ, ಸ್ನಾನ, ಮಾತ್ರೆಗೆಲ್ಲ ನೆರವಿಗೆ ಜನ ಇರೋ ಅಸಿಸ್ಟೆಡ್ ಲಿವಿಂಗಾ?

ಡಾಕ್ಟ್ರು: ಫ್ಲ್ಯಾಟ್ ಬೇಡಮ್ಮ. ಅದು ಸ್ನಾನ, ಊಟ, ಮಾತ್ರೆ ಎಲ್ಲ ತಾವೇ ನೋಡ್ಕೊಳ್ಳೋರಿಗೆ. ಮೊದಲು ಬೆಳಿಗ್ಗೆ ಹೊತ್ತು ಒಬ್ಬ ಅಟೆಂಡರ್ ಇಟ್ಟು ನೋಡಿ. ರಾತ್ರಿ ಎದ್ದು ಬಾತ್‌ರೂಮಿಗೆ ಹೋಗುವಾಗ ತೂರಾಡ್ತಾರಾ? ಹಾಗಿದ್ದರೆ ಅಸಿಸ್ಟೆಡ್ ಲಿವಿಂಗ್ ನೋಡಿ. ನೋಡೋಕೆ ಹೋಗೋದು ಮಾತ್ರ ರಾತ್ರಿ ಎಂಟರ ಮೇಲೆ. ಹಗಲು ಎಲ್ಲ ಕಡೆ ಹೂದೋಟ ತೋರಿಸ್ತಾರೆ. ರಾತ್ರಿ ಆ ಮಹಡಿಗೆ ಎಷ್ಟು ಜನ ಡ್ಯೂಟಿಯಲ್ಲಿ ಇರ್ತಾರೆ, ಗಂಟೆ ಒತ್ತಿದರೆ ಯಾರು ಬರ್ತಾರೆ, ಕೇಳಿ. ಮುಂದೆ ಹಾಸಿಗೆ ಹಿಡಿದರೆ ಇಟ್ಕೊಳ್ತಾರಾ, ಇಲ್ಲಾ ಕರ್ಕೊಂಡು ಹೋಗಿ ಅಂತಾರಾ? ಡೆಪಾಸಿಟ್ ಯಾವಾಗ ವಾಪಸ್? ಬಾಯಿಮಾತು ಬೇಡ, ಕರಾರಿನಲ್ಲಿ ಓದಿ.

ಬೋಗಾದಿ ಅಕ್ಕ: ಮೈಸೂರಲ್ಲಿ ಯಾವುದು ಒಳ್ಳೇದು ಹೇಳಿ ಡಾಕ್ಟ್ರೇ.

ಡಾಕ್ಟ್ರು: ಹೆಸರು ಹೇಳೋದಿಲ್ಲ.

ಪಾಂಡವಪುರದ ಮಗ: ಡಾಕ್ಟ್ರೇ, ನಮ್ಮವ್ವಂಗೆ 76. ನಾನು ಬೆಂಗಳೂರಲ್ಲಿ, ಅವ್ವ ಊರಲ್ಲಿ ಒಬ್ಳೇ. ಹತ್ತು ದಿನದಿಂದ ಏನೇನೋ ಮಾತಾಡ್ತಾವಳೆ. ರಾತ್ರಿಯೆಲ್ಲ ಎದ್ದು ಕೂತು ಅಡುಗೆಮನೇಲಿ ಯಾರೋ ಅವ್ರೆ ಅಂತಾಳೆ, ಹಗಲು ನಿದ್ದೆ. ಬೆಳಿಗ್ಗೆ ಒಂದ್ಸಾರಿ ಸರಿಯಾಗೇ ಮಾತಾಡ್ತಾಳೆ. ಅದ್ಕೂ ಮುಂಚೆ ಚೆನ್ನಾಗೇ ಇದ್ಳು, ಹಾಲಿನ ಡೈರಿ ಲೆಕ್ಕ ಅವಳೇ ನೋಡ್ತಿದ್ದಿದ್ದು. ಮರೆವಿನ ಕಾಯಿಲೆಯೋರ್ನ ಇಟ್ಕೊಳೋ ಆಶ್ರಮ ಮೈಸೂರಲ್ಲಿ ನೋಡಿವ್ನಿ, ಮುಂದಿನ ವಾರ ಸೇರಿಸಬೇಕು ಅಂತ. ಸರಿಯಾ?

ಡಾಕ್ಟ್ರು: ಮುಂಗಡ ಕೊಟ್ಟಿದ್ದೀರಾ? ಕೊಡದಿದ್ದರೆ ನಿಲ್ಲಿಸಿ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಮರೆವಿನ ಕಾಯಿಲೆ ಹತ್ತು ದಿನದಲ್ಲಿ ಬರಲ್ಲ. ತಿಂಗಳು, ವರ್ಷ ಹಿಡಿದು ನಿಧಾನವಾಗಿ ಬರುತ್ತೆ. ಡೈರಿ ಲೆಕ್ಕ ನೋಡ್ತಿದ್ದವರಿಗೆ ದಿಢೀರನೆ ಹೀಗಾಗಿ, ಬೆಳಿಗ್ಗೆ ಒಂದು ಥರ, ರಾತ್ರಿ ಒಂದು ಥರ ಇದ್ದಾರೆ ಅಂದರೆ ಡೆಲಿರಿಯಂ ಅನ್ನೋ ಗೊಂದಲ ಅಂತ ನನ್ನ ಅನುಮಾನ. ಅದರ ಹಿಂದೆ ಬೇರೆ ಏನೋ ಇರುತ್ತೆ: ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದಿರೋದು, ನೀರು ಕುಡಿಯದೇ ಇರೋದು, ವಾರಗಟ್ಟಲೆ ಮಲ ಕಟ್ಟಿರೋದು, ಹೊಸ ಮಾತ್ರೆ. ಈ ವಯಸ್ಸಲ್ಲಿ ಸೋಂಕಿದ್ದರೂ ಜ್ವರ ಬರಬೇಕಂತಿಲ್ಲ. ಇಂಥ ಹೊತ್ತಲ್ಲಿ ಗುರುತಿಲ್ಲದ ಜಾಗಕ್ಕೆ ಹೊತ್ತು ಹಾಕಿದರೆ ಗೊಂದಲ ಇನ್ನೂ ಹೆಚ್ಚುತ್ತೆ. ಅಲ್ಲಿಯವರು ನಿದ್ದೆ ಮಾತ್ರೆ ಕೊಟ್ಟು ಮಲಗಿಸಿದರೆ ಕಾರಣ ಮುಚ್ಚಿಹೋಗುತ್ತೆ.

ಬಿ.ಪಿ.ಗೆ ನೀರಿಳಿಸುವ ಮಾತ್ರೆ ತಗೋತಾರಾ? ನೆಗಡಿ ಮಾತ್ರೆ? ನಿದ್ದೆಗೆ ಯಾರಾದರೂ ಏನಾದರೂ ಕೊಟ್ಟಿದ್ದಾರಾ? ಇತ್ತೀಚೆಗೆ ಬಿದ್ದಿದ್ದಾರಾ?

ಪಾಂಡವಪುರದ ಮಗ: ಬಿ.ಪಿ. ಮಾತ್ರೆ ಹೋದ ತಿಂಗಳು ಬದಲಾಯಿಸಿದ್ರು. ಬಿದ್ದಿಲ್ಲ. ನಿದ್ದೆಗೆ ನಮ್ಮಕ್ಕ ಗ್ರೂಪಲ್ಲಿ ಓದಿ ಜಾಯಿಕಾಯಿ ತೇಯ್ದು ಹಾಲಲ್ಲಿ ಕೊಡ್ತಾವಳೆ, ದಿನಾ.

ಡಾಕ್ಟ್ರು: ಇವತ್ತಿಂದಲೇ ನಿಲ್ಲಿಸಿ. ಜಾಯಿಕಾಯಿ ಪ್ರಮಾಣ ಮೀರಿದರೆ ಅದೇ ಭ್ರಮೆ ತರುತ್ತೆ. ಬಿ.ಪಿ. ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ, ಚೀಟಿ ಸಮೇತ ತೋರಿಸಿ. ಸೋಡಿಯಂ, ಕಿಡ್ನಿಗೆ ಕ್ರಿಯಾಟಿನಿನ್, ಸಕ್ಕರೆ, ಮೂತ್ರ ಪರೀಕ್ಷೆ ಮಾಡಿಸಿ. ರಾತ್ರಿ ಯಾರಾದರೂ ಮನೆಯವರು ಪಕ್ಕದಲ್ಲಿ ಮಲಗಲಿ, ಸಣ್ಣ ದೀಪ ಇರಲಿ, ಕನ್ನಡಕ ಹಾಕಿರಲಿ. ಎಚ್ಚರ ತಪ್ಪಿದರೆ, ಜ್ವರ, ವಾಂತಿ, ಮಾತು ತೊದಲೋದು ಕಂಡರೆ ಬೆಳಗಾಗೋತನಕ ಕಾಯಬೇಡಿ.

ಸರಸ್ವತಿಪುರಂ ನಿವೃತ್ತ ಮೇಷ್ಟ್ರು: ಜಾಯಿಕಾಯಿ ನಮ್ಮ ಅಜ್ಜಿ ಕಾಲದಿಂದ ಬಂದದ್ದು. ಎಲ್ಲದಕ್ಕೂ ಇಂಗ್ಲಿಷ್ ಮದ್ದೇ ಅಂದರೆ ಹೇಗೆ? ಮರೆವಿಗೆ ಒಂದೆಲಗದ ರಸ, ಬೆಳಿಗ್ಗೆ ಬರೀ ಹೊಟ್ಟೆಗೆ ತೆಂಗಿನೆಣ್ಣೆ ಎರಡು ಚಮಚ. ಆಲ್‌ಝೈಮರ್ ಓಡಿಹೋಗುತ್ತೆ, ನನ್ನ ಫೋನಲ್ಲಿ ವಿಡಿಯೋ ಇದೆ.

ಡಾಕ್ಟ್ರು: ಓಡಿಹೋಗಲ್ಲ ಮೇಷ್ಟ್ರೇ. ವಿಡಿಯೋ ನಿಮ್ಮ ಫೋನಲ್ಲೇ ಇರಲಿ. ಒಂದೆಲಗದ ಚಟ್ನಿ ಮಾಡ್ಕೊಂಡು ತಿನ್ನಿ, ಅದಕ್ಕೆ ನನ್ನ ತಕರಾರಿಲ್ಲ.

ವಿಜಯನಗರ 4ನೇ ಹಂತ: ಅಪ್ಪನಿಗೆ ಊರಲ್ಲಿ ಹಸು ಇತ್ತು. ಆಶ್ರಮಕ್ಕೆ ಸೇರಿದರೆ ದಿನಾ ಏನು ಮಾಡ್ತಾರೆ ಅಂತ ಯೋಚನೆ. ಅಡುಗೆ ಶುದ್ಧ ಸಸ್ಯಾಹಾರ ಇರೋ ಕಡೆ ಸಿಗುತ್ತಾ?

ಮದ್ದೂರಿನವರು: ಹೆತ್ತವರನ್ನ ವೃದ್ಧಾಶ್ರಮಕ್ಕೆ ತಳ್ಳೋ ಚರ್ಚೆಯೇ ಒಂದು ಪಾಪ. ನಮ್ಮ ಹಳ್ಳಿ ಕಡೆ ಹೀಗೆ ಮಾಡಿದರೆ ಊರು ಉಗಿಯುತ್ತೆ.

ಕುವೆಂಪುನಗರದ ಸೊಸೆ: ಊರು ಉಗಿಯುತ್ತೆ ಸರಿ, ಊರು ಬಂದು ಬಟ್ಟೆ ಬದಲಾಯಿಸುತ್ತಾ? ನಿಮ್ಮನೇಲಿ ತಾಯಿಗೆ ಸ್ನಾನ ಮಾಡಿಸೋರು ಯಾರು ಸ್ವಾಮಿ?

ಮದ್ದೂರಿನವರು: ನನ್ನ ಹೆಂಡತಿ.

ಬೋಗಾದಿ ಅಕ್ಕ: ಅಲ್ಲಿಗೆ ಮುಗೀತಲ್ಲ.

ಮದ್ದೂರಿನವರು: ಮೈಸೂರಿನೋರಿಗೆ ಬುದ್ಧಿ ಜಾಸ್ತಿ. ಆಸ್ತಿ ಬರೆಸ್ಕೊಂಡು ಆಮೇಲೆ ಹೊರಗೆ ಹಾಕೋರೂ ನಿಮ್ಮಂಥೋರೇ.

ವಕೀಲರು, ಲಕ್ಷ್ಮೀಪುರಂ: ಆಸ್ತಿ ವಿಷಯ ಬಂತಲ್ಲ, ಒಂದು ಮಾತು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಇದೆ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಷರತ್ತು ಪತ್ರದಲ್ಲೇ ಬರೆಸಿ. ಅರ್ಜಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ. ಸಲಹೆ ಬೇಕಿದ್ದರೆ ಹಿರಿಯರ ಸಹಾಯವಾಣಿ 14567.

ಮದ್ದೂರಿನವರು: ನಾನು ಯಾರ ಆಸ್ತಿನೂ ಬರೆಸ್ಕೊಂಡಿಲ್ಲ. ನನ್ನ ಮೇಲೆ ಯಾಕೆ ಹೇಳ್ತೀರಿ?

ವಕೀಲರು, ಲಕ್ಷ್ಮೀಪುರಂ: ನಿಮ್ಮ ಮೇಲೆ ಹೇಳಿಲ್ಲ.

ಬೋಗಾದಿ ಅಕ್ಕ: ಡಾಕ್ಟ್ರೇ, ಅಮ್ಮನಿಗೆ ಹೋಂ ನರ್ಸಾ, ಆಶ್ರಮಾನಾ?

ಡಾಕ್ಟ್ರು: ಮೇಲೆ ಕುವೆಂಪುನಗರದವರಿಗೆ ಬರೆದಿದ್ದೇನೆ. ಓದಿ.

ಬೋಗಾದಿ ಅಕ್ಕ: ಓದಿದೆ. ನಮ್ಮಮ್ಮನಿಗೆ ಮಂಡಿನೋವೂ ಇದೆ.

ಡಾಕ್ಟ್ರು: ಮಂಡಿ ನೋಡದೆ ಏನು ಹೇಳಲಿ.

ಸರಸ್ವತಿಪುರಂ ನಿವೃತ್ತ ಮೇಷ್ಟ್ರು: ಮಂಡಿನೋವಿಗೆ ಎಕ್ಕದ ಎಲೆ ಬಿಸಿ ಮಾಡಿ...

ಡಾಕ್ಟ್ರು: ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಕಣ್ಣಿಗೇ ಅಪಾಯ. ಇಲ್ಲಿಗೆ ಬಿಡಿ.

ಅಡ್ಮಿನ್: ಮೇಷ್ಟ್ರೇ, ದಯವಿಟ್ಟು.

ಸರಸ್ವತಿಪುರಂ ನಿವೃತ್ತ ಮೇಷ್ಟ್ರು: ಹಿರಿಯರ ಗ್ರೂಪಿನಲ್ಲಿ ಹಿರಿಯರಿಗೆ ಮಾತಿಲ್ಲ. ಸಂತೋಷ.

ವಿಜಯನಗರ 4ನೇ ಹಂತ: ನನ್ನ ಪ್ರಶ್ನೆ ಯಾರೂ ನೋಡಲಿಲ್ಲ.

ಪಾಂಡವಪುರದ ಮಗ (ಸೋಮವಾರ ಸಂಜೆ): ಡಾಕ್ಟ್ರೇ, ಮಂಡ್ಯದಲ್ಲಿ ಅಡ್ಮಿಟ್ ಮಾಡ್ಕೊಂಡ್ರು. ಸೋಡಿಯಂ ತುಂಬಾ ಇಳಿದು 118 ಆಗದಂತೆ, ಮೂತ್ರದಲ್ಲೂ ಸೋಂಕು ಅಂದ್ರು. ಆಶ್ರಮದೋರು ಫೋನ್ ಮಾಡಿ ರೂಮು ಬೇರೆಯೋರಿಗೆ ಕೊಟ್ಬಿಡ್ತೀವಿ ಅಂತಾವ್ರೆ. ಏನು ಹೇಳಲಿ?

ಡಾಕ್ಟ್ರು: ಕೊಡಲಿ ಬಿಡಿ. ಸೋಡಿಯಂ ನಿಧಾನವಾಗೇ ಏರಿಸಬೇಕು, ಇನ್ನೂ ಯಾಕೆ ಸರಿಹೋಗಿಲ್ಲ ಅಂತ ಅಲ್ಲಿಯವರ ಮೇಲೆ ರೇಗಬೇಡಿ. ಮನೆಗೆ ಬಂದ ಮೇಲೂ ಗೊಂದಲ ಪೂರ್ತಿ ತಿಳಿಯಾಗೋಕೆ ಕೆಲವು ವಾರ ಹಿಡಿಯಬಹುದು, ಅಲ್ಲಿವರೆಗೆ ಒಬ್ಬರೇ ಇರೋ ಹಾಗಿಲ್ಲ. ನೀವೋ ಅಕ್ಕನೋ ಜೊತೆಗಿರಿ. ಎರಡು ತಿಂಗಳು ಕಳೆದು ನನ್ನ ಹತ್ತಿರ ಕರ್ಕೊಂಡು ಬನ್ನಿ, ನೆನಪು, ನಡಿಗೆ ಎರಡೂ ನೋಡ್ತೀನಿ. ಡೈರಿ ಲೆಕ್ಕದ ಪುಸ್ತಕಾನೂ ತನ್ನಿ. ಎಲ್ಲಿರಬೇಕು ಅಂತ ಆಗ ಅವರನ್ನೇ ಕೇಳೋಣ.

ಬೋಗಾದಿ ಅಕ್ಕ: ಡಾಕ್ಟ್ರೇ, ಆ ಆಶ್ರಮದ ಹೆಸರೇನಂತೆ? ರೂಮ್ ಖಾಲಿ ಇದೆಯಲ್ಲ.