ಗೋವಾಕ್ಕೋ ಮಂಗಳೂರಿಗೋ: ವಿಮಾನ ಹತ್ತುವವರ ಪ್ರಶ್ನೆಗಳು

ನಿರ್ವಾಹಕರು: ಗೋವಾ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ದುಡಿದು, ನಿವೃತ್ತರಾಗಿ ಕಾರವಾರದಲ್ಲಿ ನೆಲೆಸಿರುವ ನಮ್ಮ ಬಳಗದ ಹಿರಿಯರು ಇಂದು ಉತ್ತರಿಸುತ್ತಾರೆ. ಪ್ರಶ್ನೆ ಚುಟುಕಾಗಿರಲಿ.

ಕಾರವಾರದ ಸದಸ್ಯ: ಸರ್, ಗೋವಾದಲ್ಲಿ ಎರಡು ನಿಲ್ದಾಣಗಳಿವೆಯಲ್ಲ, ನಮಗೆ ಯಾವುದು ಹತ್ತಿರ?

ಉತ್ತರ: ವಾಸ್ಕೋ ಬಳಿಯ ದಾಬೋಲಿಂ. ಮಡಗಾಂವ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸನ್ನೋ ಟ್ಯಾಕ್ಸಿಯನ್ನೋ ಹಿಡಿಯಬಹುದು. 2023ರ ಜನವರಿಯಲ್ಲಿ ಹಾರಾಟ ಶುರುವಾದ ಮೋಪಾ ಇರುವುದು ಗೋವಾದ ಉತ್ತರ ತುದಿಯಲ್ಲಿ, ಮಹಾರಾಷ್ಟ್ರದ ಗಡಿಯ ಹತ್ತಿರ. ಟಿಕೆಟಿನಲ್ಲಿ ‘ಗೋವಾ’ ಎಂಬುದನ್ನಷ್ಟೇ ನೋಡಿ ಹೊರಡಬೇಡಿ. ಜಿಒಐ ಎಂದಿದ್ದರೆ ದಾಬೋಲಿಂ, ಜಿಒಎಕ್ಸ್ ಎಂದಿದ್ದರೆ ಮೋಪಾ. ತಪ್ಪು ನಿಲ್ದಾಣಕ್ಕೆ ಬಂದು ಗೇಟಿನಲ್ಲಿ ಅಳುತ್ತ ನಿಂತವರನ್ನು ನೋಡಿದ್ದೇನೆ. ಒಂದರಿಂದ ಇನ್ನೊಂದನ್ನು ಮುಟ್ಟುವಷ್ಟರಲ್ಲಿ ಕೌಂಟರ್ ಮುಚ್ಚಿರುತ್ತದೆ.

ಶಿರಸಿಯ ಸದಸ್ಯೆ: ಹುಬ್ಬಳ್ಳಿಯಿಂದ ದುಬೈಗೆ ನೇರ ವಿಮಾನ ಇದೆಯೇ?

ಉತ್ತರ: ಇಲ್ಲ ತಂಗಿ. ಅಲ್ಲಿಂದ ದೇಶದೊಳಗಿನ ಹಾರಾಟ ಮಾತ್ರ.

ಕುಮಟಾದ ಸದಸ್ಯ: ಪವರ್ ಬ್ಯಾಂಕ್ ಎಲ್ಲಿಡಬೇಕು? ಒಣ ಮೀನು ಒಯ್ಯಬಹುದೇ?

ಉತ್ತರ: ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ ಒಳಗಿದ್ದರೆ ಸಾಕು. 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ.

ಹೊನ್ನಾವರದ ಸದಸ್ಯೆ: ನಮಸ್ಕಾರ ಅಣ್ಣ. ಮಗ ದುಬೈಯಲ್ಲಿದ್ದಾನೆ. ಪಕ್ಕದ ಮನೆಯ ಹುಡುಗ ಮೊದಲ ಸಲ ಕೆಲಸಕ್ಕೆಂದು ಮಂಗಳೂರಿನಿಂದ ಅಲ್ಲಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ನೇವರಿ, ಬಿಸಿಬೇಳೆ ಪುಡಿ, ಪಾಯಸಕ್ಕೆ ಕಾಲು ಕಿಲೋ ಗಸಗಸೆ ಕಳಿಸುತ್ತಿದ್ದೇನೆ. ಡಬ್ಬಿಗೆ ಟೇಪ್ ಸುತ್ತಿದರೆ ತೊಂದರೆಯೇ?

ಉತ್ತರ: ಅಕ್ಕ, ಇದನ್ನು ಓದಿದ ಕೂಡಲೇ ಬೇರೆಯವರ ಪ್ರಶ್ನೆಗಳನ್ನು ಬದಿಗಿಟ್ಟೆ. ಆ ಗಸಗಸೆಯನ್ನು ಈಗಲೇ ಹೊರಗೆ ತೆಗೆಯಿರಿ. ನಮ್ಮಲ್ಲಿ ಅದು ಕಿರಾಣಿ ಅಂಗಡಿಯ ಸಾಮಾನು. ಆದರೆ ಅದು ಅಫೀಮು ಗಿಡದ ಬೀಜ. ದುಬೈ, ಅಬುಧಾಬಿ ಸೇರಿದ ಯುಎಇಯಲ್ಲಿ ಅದಕ್ಕೆ ನಿಷೇಧವಿದೆ. ಸಿಕ್ಕಿಬಿದ್ದರೆ ಮಾದಕ ವಸ್ತುವಿನ ಪ್ರಕರಣ. ಅಡುಗೆಗೆ ಎಂದು ಹೇಳಿದರೆ ಬಿಡುತ್ತಾರೆ ಎಂದುಕೊಳ್ಳಬೇಡಿ. ಬಂಧನ, ಜೈಲು, ಗಡಿಪಾರು ಎಲ್ಲವೂ ಆಗಬಹುದು. ಸೌದಿ, ಸಿಂಗಪುರಕ್ಕೆ ಹೋಗುವವರೂ ಕೇಳಿಸಿಕೊಳ್ಳಿ, ಅಲ್ಲಿಯೂ ನಿಷೇಧವೇ.

ಪೊಟ್ಟಣವೊಂದನ್ನು ತೆಗೆದರೆ ಮುಗಿಯಲಿಲ್ಲ. ನೇವರಿಯ ಹೂರಣಕ್ಕೆ ಕೊಬ್ಬರಿ, ಎಳ್ಳಿನ ಜೊತೆ ಗಸಗಸೆ ಹುರಿದು ಹಾಕುವುದು ನಮ್ಮ ಕರಾವಳಿಯ ರೂಢಿ. ಒಂದನ್ನು ಮುರಿದು, ಬಿಳಿ ತಟ್ಟೆಯಲ್ಲಿ ಉದುರಿಸಿ ನೋಡಿ. ಸಾಸಿವೆಗಿಂತ ಸಣ್ಣ, ಬೂದು ಬಿಳುಪಿನ ಕಾಳು ಕಂಡರೆ ಕಳಿಸಬೇಡಿ. ಕಜ್ಜಾಯದ ಮೇಲೂ ಹಚ್ಚಿರುತ್ತಾರೆ. ಬಿಸಿಬೇಳೆ ಪುಡಿಯಲ್ಲಿ ಅದು ನುಣ್ಣಗಾಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಪುಡಿ ಮಾಡಿದವರನ್ನೇ ಕೇಳಿ.

ಟೇಪ್ ಸುತ್ತಲೇಬೇಡಿ. ಹುಡುಗನ ಎದುರಿಗೇ ಡಬ್ಬಿ ತೆರೆದು, ಒಂದೊಂದನ್ನೂ ತೋರಿಸಿ ಕೊಡಿ. ಚೀಲ ಯಾರ ಹೆಸರಿನಲ್ಲಿದೆಯೋ ಅವರೇ ಹೊಣೆ. ಪಕ್ಕದ ಮನೆಯವರು ಕೊಟ್ಟರು ಎನ್ನುವುದು ಅಲ್ಲಿ ಉತ್ತರವಾಗುವುದಿಲ್ಲ. ಮೊದಲ ಕೆಲಸಕ್ಕೆ ಹೊರಟ ಮಗು ಅದು. ನೋವಿನ ಮಾತ್ರೆ, ಕೆಮ್ಮಿನ ಔಷಧಿ ಯಾರಾದರೂ ಕೊಟ್ಟಿದ್ದರೆ ಅದನ್ನೂ ನೋಡಿ. ಟ್ರಮಡಾಲ್, ಕೊಡೀನ್ ಇರುವವಕ್ಕೆ ಅಲ್ಲಿ ಮೊದಲೇ ಅನುಮತಿ ಬೇಕು.

ಅಂಕೋಲಾದ ಸದಸ್ಯ: ಇಷ್ಟು ಹೆದರಿಸುವುದೇಕೆ ಸರ್? ಕಾರ್ಬನ್ ಪೇಪರಿನಲ್ಲಿ ಸುತ್ತಿದರೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ.

ಉತ್ತರ: ಅದನ್ನು ಇಲ್ಲಿಂದ ಅಳಿಸಿ. ಎಕ್ಸ್‌ರೇಗೆ ಕಾರ್ಬನ್ ಪೇಪರ್ ಅಡ್ಡಿಯೇ ಅಲ್ಲ. ಸುತ್ತಿ ಬಚ್ಚಿಟ್ಟದ್ದು ಕಂಡರೆ ತಿಳಿಯದೆ ತಂದೆ ಎನ್ನುವ ಬಾಯಿಯೂ ಕಟ್ಟುತ್ತದೆ. ಯಾರೋ ಕಳಿಸಿದ್ದನ್ನು ಇಲ್ಲಿಗೆ ದಾಟಿಸುವ ಮೊದಲು ಯಾರ ಮಗ ಜೈಲಿಗೆ ಹೋಗುತ್ತಾನೆ ಎಂದು ಯೋಚಿಸಿ.

ಅಂಕೋಲಾದ ಸದಸ್ಯ: ತಿಳಿದದ್ದನ್ನು ಹೇಳಿದೆ, ಅಷ್ಟೇ. ನಮ್ಮ ತಾಲೂಕಿನ ಅಲಗೇರಿಯಲ್ಲಿ ಯೋಜಿಸಿರುವ ನಮ್ಮದೇ ವಿಮಾನ ನಿಲ್ದಾಣ ಆಗಲಿ, ಗೋವಾದ ಗೋಜೇ ಬೇಡ.

ಅಲಗೇರಿಯ ಸದಸ್ಯ: ನಿಮಗೆ ಗೋಜು ತಪ್ಪುತ್ತದೆ, ನಮಗೆ ಗದ್ದೆ. ಕಾರವಾರದ ನೌಕಾನೆಲೆ ಯೋಜನೆ ಸೀಬರ್ಡ್‌ಗೆ ಭೂಮಿ ಬಿಟ್ಟವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದದ್ದು ಮರೆತುಹೋಯಿತೇ?

ಅಂಕೋಲಾದ ಸದಸ್ಯ: ಹಾಗೆಂದರೆ ಜಿಲ್ಲೆ ಹೀಗೇ ಇರಬೇಕೇ?

ಶಿರಸಿಯ ಸದಸ್ಯೆ: ಮೊದಲು ದೊಡ್ಡ ಆಸ್ಪತ್ರೆ ತನ್ನಿ. ಅಪಘಾತವಾದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡುವ ನಮಗೆ ವಿಮಾನದ ಮಾತು ಆಮೇಲೆ.

ಅಂಕೋಲಾದ ಸದಸ್ಯ: ನೀವು ಘಟ್ಟದ ಮೇಲಿನವರು, ನಿಮಗೇನು ಗೊತ್ತು?

ಅಲಗೇರಿಯ ಸದಸ್ಯ: ಮಾತು ಬಿಗಿ ಹಿಡಿದು ಆಡಿ.

ಭಟ್ಕಳದ ಸದಸ್ಯ: ಮಳೆಗಾಲದಲ್ಲಿ ಎಷ್ಟು ಬೇಗ ಹೊರಡಬೇಕು ಸರ್?

ಉತ್ತರ: ವಿದೇಶಕ್ಕಾದರೆ ವಿಮಾನ ಹೊರಡುವ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ದಾರಿಯ ಲೆಕ್ಕ ಬೇರೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು; ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆಯ ಸೇತುವೆಯೇ ಬಿತ್ತು. ಜೋರು ಮಳೆಯಿದ್ದರೆ ಹಿಂದಿನ ದಿನವೇ ಹೋಗಿ ಉಳಿಯಿರಿ.

ಗೋಕರ್ಣದ ಸದಸ್ಯ: ಕಾರವಾರಕ್ಕೆ ದಾಬೋಲಿಂ ಹತ್ತಿರವೋ ಮೋಪಾವೋ?

ಉತ್ತರ: ಮೇಲೆ ಓದಿ.

ಯಲ್ಲಾಪುರದ ಸದಸ್ಯ: ಇಡೀ ಕೊಬ್ಬರಿ ಲಗೇಜಿನಲ್ಲಿ?

ಉತ್ತರ: ಬೇಡ. ಎಣ್ಣೆಯಂಶ ಹೆಚ್ಚಿರುವುದರಿಂದ ಬೆಂಕಿ ಹಿಡಿಯುವ ವಸ್ತುಗಳ ಪಟ್ಟಿಯಲ್ಲಿದೆ.

ಹೊನ್ನಾವರದ ಸದಸ್ಯೆ: ಅಣ್ಣ, ನೇವರಿ ಮುರಿದು ನೋಡಿದೆ, ಗಸಗಸೆ ಇದೆ. ಪುಡಿಯನ್ನೂ ತೆಗೆದಿಟ್ಟೆ. ಮಾವಿನ ಮಿಡಿ ಉಪ್ಪಿನಕಾಯಿಯನ್ನಾದರೂ ಕಳಿಸಲೇ?

ಉತ್ತರ: ಒಳ್ಳೆಯದು ಮಾಡಿದಿರಿ ಅಕ್ಕ. ಕಳಿಸಿ, ಆದರೆ ಲಗೇಜಿನಲ್ಲಿ. ಕೈಚೀಲದಲ್ಲಿ 100 ಮಿಲಿ ಮೀರಿದ ದ್ರವ ಬಿಡುವುದಿಲ್ಲ, ರಸವಿರುವ ಉಪ್ಪಿನಕಾಯಿಯೂ ಅದೇ ಲೆಕ್ಕ. ಭರಣಿ ಬೇಡ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಎರಡು ಕವರಿನಲ್ಲಿ ಕಟ್ಟಿ. ಹುಡುಗನಿಗೆ ತೋರಿಸುವುದನ್ನು ಮರೆಯಬೇಡಿ.

ಕುಮಟಾದ ಸದಸ್ಯ: ಒಣ ಮೀನಿನ ಬಗ್ಗೆ ಕೇಳಿದ್ದೆ.

ಅಂಕೋಲಾದ ಸದಸ್ಯ: ಅಲಗೇರಿಯವರು ಇನ್ನೂ ನನಗೆ ಉತ್ತರ ಕೊಟ್ಟಿಲ್ಲ.

ನಿರ್ವಾಹಕರು: ಇವತ್ತಿಗೆ ಸಾಕು. ಅಲಗೇರಿಯ ಜಗಳ ಬೇರೆ ಕಡೆ ಆಡಿಕೊಳ್ಳಿ. ಕಾರ್ಬನ್ ಪೇಪರಿನ ಸಂದೇಶವನ್ನು ಅಳಿಸಿದ್ದೇನೆ.