ಕಮಿಷನ್ ಕಡಿಮೆ ತಗೊಂಡಿದ್ದಕ್ಕೆ ಲಿಸ್ಟಿಂಗ್‌ನಿಂದ ಹೊರಗೆ ಹಾಕಿದ್ದಾರೆ, ಏನು ಮಾಡಲಿ?

ರಿಂಗ್‌ರೋಡ್_ದಾವಣಗೆರೆ

11 ವರ್ಷದಿಂದ ದಾವಣಗೆರೆಯಲ್ಲಿ ಸೈಟು, ಮನೆ ಮಾರಿಸುವ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಏಜೆಂಟರದ್ದೇ ಒಂದು ಸಂಘ ಇದೆ, ಅದಕ್ಕೊಂದು ಲಿಸ್ಟಿಂಗ್ ಆ್ಯಪ್. ಯಾರ ಕೈಗೆ ಸೈಟು ಬಂದರೂ ಅದರಲ್ಲಿ ಹಾಕಬೇಕು, ಇನ್ನೊಬ್ಬರು ಗಿರಾಕಿ ತಂದರೆ ಕಮಿಷನ್ ಹಂಚಿಕೊಳ್ಳಬೇಕು. ಒಳ್ಳೆ ವ್ಯವಸ್ಥೆನೇ. ಶಾಮನೂರು ರಸ್ತೆ, ವಿದ್ಯಾನಗರದ ಕಡೆ ನನಗೆ ಸಿಗುತ್ತಿದ್ದ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಅದರಿಂದಲೇ ಬರುತ್ತಿದ್ದರು.

ಹೋದ ತಿಂಗಳು ಒಬ್ಬ ನಿವೃತ್ತ ಮೇಷ್ಟ್ರು ಮಗಳ ಆಪರೇಷನ್‌ಗೆ ಅಂತ 30×40 ಸೈಟು ಮಾರಿದರು. ಖಾತಾ, ಕಂದಾಯದ ರಸೀದಿ ಎಲ್ಲಾ ಹಳೇ ಮದುವೆ ಕಾರ್ಡಿನ ಕವರಿನಲ್ಲಿ ಇಟ್ಟುಕೊಂಡು ಬಂದಿದ್ದರು. ಅವರ ಹತ್ತಿರ 2 ಪರ್ಸೆಂಟ್ ಕೇಳೋಕೆ ಬಾಯಿ ಬರಲಿಲ್ಲ, 1 ಸಾಕು ಅಂದೆ. ಸಂಘದ ನಿಯಮದಲ್ಲಿ 2ಕ್ಕಿಂತ ಕಡಿಮೆ ತಗೊಳ್ಳುವ ಹಾಗಿಲ್ಲ. ಮೂರೇ ದಿನಕ್ಕೆ ನನ್ನ ಲಾಗಿನ್ ಬಂದ್. ನೋಟಿಸ್ ಇಲ್ಲ, ಒಂದು ಮಾತು ಕೇಳಲೂ ಇಲ್ಲ. ವಾಪಸ್ ಸೇರಬೇಕಂದ್ರೆ ದಂಡ ಕಟ್ಟಿ, ಇಬ್ಬರು ಹಳೇ ಸದಸ್ಯರ ಸಹಿ ತರಬೇಕಂತೆ. ರೇರಾಕ್ಕೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ) ದೂರು ಕೊಡಬಹುದಾ?

ದುರ್ಗದ_ವಕೀಲೆ

ರೇರಾ ಇದಕ್ಕಲ್ಲ. ಅದರ 2016ರ ಕಾಯ್ದೆ ಏಜೆಂಟರ ನೋಂದಣಿ ಕೇಳುವುದು ರೇರಾದಲ್ಲಿ ನೋಂದಾಯಿತ ಪ್ರಾಜೆಕ್ಟಿನ ಸೈಟು, ಫ್ಲ್ಯಾಟ್ ಮಾರಿಸುವುದಕ್ಕೆ. ಸಂಘದೊಳಗಿನ ಜಗಳ ಅಲ್ಲಿ ನಿಲ್ಲುವುದು ಕಷ್ಟ.

ನಿಮ್ಮ ವಿಷಯದಲ್ಲಿ ಎರಡು ತಕರಾರು ಇವೆ, ಬೆರೆಸಬೇಡಿ. ಕೇಳದೆ ಹೊರಗೆ ಹಾಕಿದ್ದು ಒಂದು. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಇದ್ದರೆ ಬೈಲಾದ ಪ್ರತಿ ತರಿಸಿಕೊಳ್ಳಿ, ಸದಸ್ಯರನ್ನು ತೆಗೆಯುವ ಕ್ರಮ ಅದರಲ್ಲಿ ಏನಿದೆ ನೋಡಿ. ಅದನ್ನೇ ಮುರಿದಿದ್ದರೆ ಸಿವಿಲ್ ಕೋರ್ಟಿನಲ್ಲಿ ಕೇಳಬಹುದು.

ದರ ಕಟ್ಟಿಹಾಕಿದ್ದು ಇನ್ನೊಂದು, ಅದೇ ದೊಡ್ಡದು. ಪೈಪೋಟಿಯಲ್ಲಿ ಇರಬೇಕಾದವರೇ ಕೂತು ದರ ಗೊತ್ತು ಮಾಡುವುದನ್ನು 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ತಡೆಯುತ್ತದೆ. ಡಬ್ಬಿಂಗ್ ಗಲಾಟೆ ನೆನಪಿದೆ ಅಲ್ವಾ? ಡಬ್ಬಿಂಗ್ ತಡೆದಿದ್ದಕ್ಕೆ 2015ರಲ್ಲಿ ಸ್ಪರ್ಧಾ ಆಯೋಗ ಫಿಲ್ಮ್ ಚೇಂಬರಿಗೇ ದಂಡ ಹಾಕಿತ್ತು. ಔಷಧಿ ವ್ಯಾಪಾರಿಗಳ ಸಂಘದ ಎನ್‌ಒಸಿ ಇಲ್ಲದೆ ಸ್ಟಾಕಿಸ್ಟ್ ನೇಮಿಸಬಾರದು ಅನ್ನುವ ಪದ್ಧತಿಯೂ ತಪ್ಪು ಅಂತ 2013ರಲ್ಲೇ ಹೇಳಿತ್ತು. ಸಂಘ ಅಂದಮಾತ್ರಕ್ಕೆ ಬಿಟ್ಟುಬಿಡಲ್ಲ. ಘಟನೆ ನಡೆದ 3 ವರ್ಷದೊಳಗೆ ಆಯೋಗಕ್ಕೆ ದೂರು ಕೊಡಬೇಕು.

ಪಿಜೆ_ಬಡಾವಣೆ

ನಾನೂ ಅದೇ ಸಂಘದಲ್ಲಿದ್ದೇನೆ. ನಿಯಮ ಯಾಕೆ ಬಂತು ಅನ್ನೋದನ್ನೂ ಹೇಳಬೇಕು. ಒಂದೇ ಸೈಟಿಗೆ ಇಬ್ಬರ ಹತ್ತಿರ ಅಡ್ವಾನ್ಸ್ ತಗೊಂಡು ಓಡಿಹೋದವರನ್ನು ಕಣ್ಣಾರೆ ನೋಡಿದ್ದೇವೆ. ಸುಮ್ನೆ ಬಾಗಿಲು ತೆರೆದಿಟ್ಟರೆ ಎಲ್ಲರ ಹೆಸರೂ ಕೆಡುತ್ತದೆ.

ದುರ್ಗದ_ವಕೀಲೆ

ಒಪ್ಪಿದೆ, ಮೋಸಗಾರರನ್ನು ದೂರ ಇಡುವ ನಿಯಮ ಇರಲಿ. ಆದರೆ ಕಮಿಷನ್ ಕಡಿಮೆ ಮಾಡಿದ್ದು ಮೋಸ ಅಲ್ಲ.

ಹರಿಹರದವ_ಅಟ್ಲಾಂಟಾ

ಇದೇ ಜಗಳ ಇಲ್ಲಿ ಅಮೆರಿಕದಲ್ಲಿ ಎಷ್ಟೋ ದಶಕದಿಂದ ನಡೆದಿದೆ. ನಾನಿರುವ ಜಾರ್ಜಿಯಾದ್ದೇ ಒಂದು ಕೇಸಿನಲ್ಲಿ 1980ರಲ್ಲಿ ಮೇಲಿನ ಕೋರ್ಟು, ಮಾರುಕಟ್ಟೆಯಲ್ಲಿ ಅಷ್ಟು ಬಲ ಇರುವ ಲಿಸ್ಟಿಂಗ್ ಸೇವೆ ಸದಸ್ಯತ್ವಕ್ಕೆ ಷರತ್ತು ಹಾಕಬಹುದು, ಆದರೆ ಆ ಷರತ್ತಿಗೆ ನಿಜವಾದ ಅಗತ್ಯ ಇರಬೇಕು ಅಂದಿತು. 1991ರಲ್ಲಿ ಇನ್ನೊಂದು ಕೇಸು: ರಿಯಲ್ಟರ್ (ಇಲ್ಲಿನ ಸೈಟು-ಮನೆ ಏಜೆಂಟರ) ಸಂಘಕ್ಕೆ ಸೇರಿದವರಿಗೆ ಮಾತ್ರ ಲಿಸ್ಟಿಂಗ್ ಅನ್ನುವ ನಿಯಮದ ಮೇಲೆ. ಅದಾದ ಮೇಲೆ ಜಾರ್ಜಿಯಾ, ಫ್ಲೋರಿಡಾ, ಅಲಬಾಮಾದಲ್ಲಿ ಸಂಘಕ್ಕೆ ಸೇರದವರಿಗೂ ಲಿಸ್ಟಿಂಗ್ ಸಿಗುವ ಹಾಗಾಯಿತು.

ಕಮಿಷನ್ ವಿಷಯ ಇನ್ನೂ ಜೋರು. 2023ರಲ್ಲಿ ಮಿಸ್ಸೌರಿಯ ಜ್ಯೂರಿ ರಿಯಲ್ಟರ್‌ಗಳ ರಾಷ್ಟ್ರೀಯ ಸಂಘ ಮತ್ತು ದೊಡ್ಡ ಬ್ರೋಕರ್ ಕಂಪನಿಗಳ ವಿರುದ್ಧ ಸುಮಾರು 178 ಕೋಟಿ ಡಾಲರ್ ತೀರ್ಪು ಕೊಟ್ಟಿತು. ಮರುವರ್ಷ ಸಂಘ 41.8 ಕೋಟಿ ಡಾಲರಿಗೆ ರಾಜಿಯಾಯಿತು. 2024ರ ಆಗಸ್ಟ್‌ನಿಂದ ಕೊಳ್ಳುವವರ ಏಜೆಂಟಿಗೆ ಇಷ್ಟು ಕಮಿಷನ್ ಅಂತ ಲಿಸ್ಟಿಂಗ್‌ನಲ್ಲಿ ಹಾಕುವ ಹಾಗೇ ಇಲ್ಲ. ಇಲ್ಲಿನ ಕಾನೂನು ನಮ್ಮೂರಿಗೆ ಅನ್ವಯ ಆಗಲ್ಲ, ಆದರೂ ವಾದ ಕಟ್ಟೋಕೆ ವಕೀಲರಿಗೆ ತೋರಿಸಿ.

ರಿಂಗ್‌ರೋಡ್_ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. 2 ಪರ್ಸೆಂಟ್ ನಿಯಮದ ಮೆಸೇಜು, ದಂಡ ಕೇಳಿದ ಮೆಸೇಜು ಎರಡೂ ಫೋನಿನಲ್ಲಿವೆ, ಪ್ರಿಂಟ್ ತೆಗೆಸಿದೆ. ಬೈಲಾಕ್ಕೆ ಇವತ್ತೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಹಾಕಿದ್ದೇನೆ. ಪಿಜೆ ಬಡಾವಣೆಯವರೇ, ನಾನು ಸೇರಿದಾಗ ಕೊಟ್ಟ ರಸೀದಿಯಲ್ಲಿ ನಿಮ್ಮದೇ ಸಹಿ ಇದೆ ಅನಿಸುತ್ತದೆ. ಕೇಸಿಗೆ ಹೋಗುವ ಮೊದಲು ಒಂದು ಸಲ ಕೂತು ಮಾತಾಡೋಣ, ಸಭೆ ಕರೆಸ್ತೀರಾ?